ಅನಂತದ ಕೆಳಗೆ ಬಿದ್ದ ಮನೆ

ಕಡಲ ದಡದ ಅಳತೆಯ ಕೆಲಸ ನನ್ನ ಮೇಜಿಗೆ ಬಂದದ್ದು ಏಪ್ರಿಲ್ ತಿಂಗಳ ಒಂದು ಸೋಮವಾರ ಎಂದು ಇಷ್ಟು ವರ್ಷ ನಂಬಿದ್ದೆ. ದಿನಚರಿ ತೆಗೆದು ನೋಡಿದರೆ ಗುರುವಾರ. ೨೦೧೨ ಎಂಬುದು ಮಾತ್ರ ಸರಿಯಾಗಿದೆ. ಒಂದು ವಾರವನ್ನೇ ಸರಿಯಾಗಿ ಇಟ್ಟುಕೊಳ್ಳದ ನೆನಪು ಉಳಿದದ್ದನ್ನು ಹೇಗೆ ಇಟ್ಟುಕೊಂಡೀತು? ಆದ್ದರಿಂದ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಆಗ ನಾನು ಬ್ರಹ್ಮಾವರದಿಂದ ದಿನಾ ಬಸ್ಸಿನಲ್ಲಿ ಕುಂದಾಪುರಕ್ಕೆ ಹೋಗಿ ಒಂದು ಸಣ್ಣ ಸಮೀಕ್ಷೆ ಕಚೇರಿಯಲ್ಲಿ ಲೆಕ್ಕದ ಪ್ರೋಗ್ರಾಮ್ ಬರೆಯುತ್ತಿದ್ದೆ. ಬಟ್ಟೆ ಅಂಗಡಿಯ ಮಹಡಿ, ಎರಡು ಕಂಪ್ಯೂಟರು, ಒಂದು ಪ್ರಿಂಟರು. ಕೋಡಿಯಿಂದ ಬೈಂದೂರಿನವರೆಗೆ ದಡದ ಉದ್ದಕ್ಕೂ ನಲವತ್ತೊಂದು ಗುರುತುಗಳಿದ್ದವು. ಕೆಲವು ಕಡೆ ಬಿಳಿ ಬಣ್ಣದ ಪಟ್ಟಿ ಬಳಿದ ತೆಂಗಿನ ಮರ, ಮರವಿಲ್ಲದ ಕಡೆ ನೆಟ್ಟ ಕಲ್ಲು. ತಿಂಗಳಿಗೊಮ್ಮೆ ನಮ್ಮಲ್ಲಿದ್ದ ಒಬ್ಬರೇ ಅಳತೆಯವರು ಗುರುತಿನಿಂದ ಟೇಪು ಹಿಡಿದು, ಉಬ್ಬರ ಇಳಿದ ಮೇಲೆ ಮರಳಿನಲ್ಲಿ ಉಳಿಯುವ ಕಸದ ಗೆರೆಯವರೆಗೆ ಎಷ್ಟು ಮೀಟರು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಎರಡು ವರ್ಷದ ಅಂಥ ಅಳತೆ ಇತ್ತು. ಮಳೆಗಾಲಕ್ಕೆ ಮುಂಚೆ ದಡಕ್ಕೆ ಕಲ್ಲು ಹಾಕಬೇಕಿತ್ತು. ಕಲ್ಲು ಇದ್ದದ್ದು ಹನ್ನೆರಡು ಜಾಗಕ್ಕೆ. ಯಾವ ಹನ್ನೆರಡು ಎಂದು ನಮ್ಮ ಪಟ್ಟಿ ಹೇಳಬೇಕಿತ್ತು.

ಲೆಕ್ಕ ಕೇಳಲು ಸುಲಭ. ಈ ವರ್ಷ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಸರಾಸರಿ ದಡ ಎಷ್ಟು, ಕಳೆದ ವರ್ಷ ಅದೇ ಮೂರು ತಿಂಗಳಲ್ಲಿ ಎಷ್ಟಿತ್ತು, ಒಂದು ವರ್ಷದಲ್ಲಿ ಎಷ್ಟು ಹೋಯಿತು. ಉಳಿದ ದಡವನ್ನು ಹೋದ ದಡದಿಂದ ಭಾಗಿಸಿದರೆ ಇನ್ನೆಷ್ಟು ವರ್ಷ ಬಾಳುತ್ತದೆಂದು ಸಿಗುತ್ತದೆ. ಕಡಿಮೆ ವರ್ಷದವರು ಪಟ್ಟಿಯ ಮೇಲೆ, ಹೆಚ್ಚು ವರ್ಷದವರು ಕೆಳಗೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅಂಕಿಗಳನ್ನೆಲ್ಲ ಒಂದು ಅರೇಯಾಗಿ, ಅಂದರೆ ಸಾಲು ಕಂಬಗಳ ಒಂದೇ ಚೌಕವಾಗಿ ಇಟ್ಟುಕೊಂಡರೆ ಇಡೀ ಲೆಕ್ಕ ಐದಾರು ಸಾಲಿನ ಕೆಲಸ. ‘ಮಧ್ಯಾಹ್ನದೊಳಗೆ ಮುಗಿಸುತ್ತೇನೆ’ ಎಂದು ನಮ್ಮ ಕಚೇರಿಯ ಎಂಜಿನಿಯರಿಗೆ ಹೇಳಿದ್ದು ದಿನಚರಿಯಲ್ಲಿದೆ. ಅದನ್ನು ಓದಿದರೆ ಈಗಲೂ ಮೈ ಉರಿಯುತ್ತದೆ.

ಮೊದಲ ಸಲ ಓಡಿಸಿದಾಗ ನಲವತ್ತೊಂದರಲ್ಲಿ ಹತ್ತೊಂಬತ್ತು ಸಾಲಿಗೆ ಉತ್ತರದ ಜಾಗದಲ್ಲಿ ‘ನ್ಯಾನ್’ ಎಂದು ಬಂತು. ಸಂಖ್ಯೆಯಲ್ಲ ಎಂದು ಅದರ ಅರ್ಥ. ನೋಟ್‌ಬುಕ್ಕಿನಲ್ಲಿ ಅಳತೆ ಇಲ್ಲದ ತಿಂಗಳಿಗೆ ಅರೇಯ ಮನೆಯನ್ನು ಖಾಲಿ ಬಿಟ್ಟಿದ್ದೆವು. ಖಾಲಿ ಮನೆಯನ್ನು ಕಂಪ್ಯೂಟರು ನ್ಯಾನ್ ಎಂದು ಓದಿಕೊಳ್ಳುತ್ತದೆ. ಮೂರು ತಿಂಗಳಲ್ಲಿ ಒಂದು ಖಾಲಿ ಇದ್ದರೂ ಸಾಕು, ಸರಾಸರಿ ಪೂರ್ತಿ ನ್ಯಾನ್. ಅದರ ಜೊತೆ ಕೂಡಿಸಿದ್ದು, ಕಳೆದದ್ದು, ಭಾಗಿಸಿದ್ದು ಎಲ್ಲವೂ ನ್ಯಾನ್.

ಸರಿ, ಆ ಮನೆಗಳನ್ನು ಹುಡುಕೋಣ ಎಂದು ‘ಇದು ನ್ಯಾನಿಗೆ ಸಮವೇ?’ ಎಂದು ಪ್ರತಿ ಮನೆಗೂ ಕೇಳಿಸಿದೆ. ಒಂದೂ ಸಿಗಲಿಲ್ಲ. ಕಣ್ಣೆದುರಿಗೆ ಪರದೆಯ ತುಂಬಾ ನ್ಯಾನ್ ಇದೆ, ಪ್ರೋಗ್ರಾಮ್ ಮಾತ್ರ ಇಲ್ಲ ಎನ್ನುತ್ತದೆ. ಮೂರು ಗಂಟೆ ಹೋಯಿತು. ನ್ಯಾನ್ ಯಾವುದಕ್ಕೂ ಸಮವಲ್ಲ, ಇನ್ನೊಂದು ನ್ಯಾನಿಗೂ ಸಮವಲ್ಲ, ತನಗೆ ತಾನೇ ಸಮವಲ್ಲ. ಅದನ್ನು ಕಂಡುಹಿಡಿಯಲು ಬೇರೆಯೇ ಒಂದು ಆಜ್ಞೆ ಇದೆ. ಎರಡು ಗೊತ್ತಿಲ್ಲದ ಸಂಗತಿಗಳು ಒಂದೇ ಎಂದು ಹೇಳಲು ಬರುವುದಿಲ್ಲ ಎಂಬ ತರ್ಕ ಸರಿಯೇ. ಆದರೆ ಆ ಸರಿಯನ್ನು ಮೆಚ್ಚುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಡುವೆ ಒಂದು ಗಂಟೆ ಕರೆಂಟೂ ಇರಲಿಲ್ಲ.

ಮರುದಿನ ಸಿಟ್ಟಿನಲ್ಲಿ ಅತಿ ಸುಲಭದ ದಾರಿ ಹಿಡಿದೆ. ನ್ಯಾನ್ ಇದ್ದಲ್ಲೆಲ್ಲ ಸೊನ್ನೆ ತುಂಬುವ ಸಿದ್ಧ ಆಜ್ಞೆಯೊಂದಿದೆ. ಲೆಕ್ಕದ ಕೊನೆಗೆ ಅದನ್ನು ಹಾಕಿ ಪಟ್ಟಿ ತೆಗೆದು ಎಂಜಿನಿಯರಿಗೆ ಕೊಟ್ಟೆ. ಅವರು ಹೆಮ್ಮಾಡಿ ಊರಿನವರು; ದಡದ ಒಂದೊಂದು ತಿರುವೂ ಗೊತ್ತಿದ್ದವರು.

“ಎಂತ ಮೇಡಮ್ ಇದ್? ಮೊದಲ್ನೇದ್ ಕೋಡಿಯಾ?”

“ಲೆಕ್ಕ ಹಾಗೆ ಬಂದಿದೆ ಸರ್.”

“ಕೋಡಿಯಂಗೆ ಆ ಗುರುತಿನ ಎದ್ರಿಗೆ ಮಕ್ಳ್ ಕ್ರಿಕೆಟ್ ಆಡ್ತೊ. ಬೌಂಡ್ರಿಗೆ ಹೊಡ್ದ್ರೂ ಚೆಂಡ್ ನೀರಿಗ್ ಬೀಳುದಿಲ್ಲೆ. ಅಲ್ಲಿಗ್ ಕಲ್ಲ್ ಹಾಕ್ದ್ರೆ ಆ ಮಕ್ಳೇ ನನ್ನ್ ಹೊಡುಕ್ ಬತ್ತೊ.”

ಅಳತೆಯವರಿಗೆ ಚಿಕುನ್‌ಗುನ್ಯ ಬಂದು ಕೋಡಿಗೆ ಎರಡು ತಿಂಗಳು ಹೋಗಿರಲಿಲ್ಲ. ಅಳೆಯದ ದಡವನ್ನು ನಾನು ಸೊನ್ನೆ ವರ್ಷ ಬಾಳುವ ದಡ ಮಾಡಿದ್ದೆ, ಸೊನ್ನೆಯವರಲ್ಲಿ ಮೊದಲ ಗುರುತು ಕೋಡಿಯದು. ಪಟ್ಟಿಯ ಕೊನೆ ಇನ್ನೂ ಚಂದವಿತ್ತು. ಬೈಂದೂರಿನ ಕಡೆ ಬಂಡೆ ಇರುವ ಮೂರು ಗುರುತುಗಳಲ್ಲಿ ವರ್ಷದಿಂದ ವರ್ಷಕ್ಕೆ ದಡ ಕಡಿಮೆಯಾಗಿರಲಿಲ್ಲ. ಸೊನ್ನೆಯಿಂದ ಭಾಗಿಸಿದರೆ ಅರೇಯ ಲೆಕ್ಕದಲ್ಲಿ ‘ಇನ್ಫ್’, ಅಂದರೆ ಅನಂತ ಎಂದು ಉತ್ತರ ಬರುತ್ತದೆ. ಅಲ್ಲಿ ಅದು ತಪ್ಪೂ ಅಲ್ಲ, ಬಂಡೆ ಬಂಡೆಯೇ. ಆದರೆ ಸೊನ್ನೆ ತುಂಬುವ ಆಜ್ಞೆ ಅನಂತವನ್ನೂ ಬಿಡದೆ, ಕಂಪ್ಯೂಟರಿಗೆ ಗೊತ್ತಿರುವ ಅತಿ ದೊಡ್ಡ ಸಂಖ್ಯೆಯಾಗಿ ಬದಲಿಸಿತ್ತು. ಮುನ್ನೂರಕ್ಕೂ ಹೆಚ್ಚು ಅಂಕಿಗಳು ಕಾಗದದ ಅಂಚು ದಾಟಿ ಮುಂದಿನ ಪುಟಕ್ಕೆ ಹರಿದಿದ್ದವು.

“ಇಷ್ಟ್ ವರ್ಷ ಇಪ್ಪುದಾರೆ ಅಲ್ಲೊಂದ್ ಸೈಟ್ ತಕಂತೆ,” ಎಂದು ಎಂಜಿನಿಯರ್ ಕಾಗದ ವಾಪಸು ಕೊಟ್ಟರು.

ಮೂರನೆಯ ದಾರಿ, ಖಾಲಿಗಳನ್ನು ಬಿಟ್ಟು ಇದ್ದ ಅಳತೆಗಳದ್ದಷ್ಟೇ ಸರಾಸರಿ ತೆಗೆಯುವುದು. ಇದು ಕೆಲಸ ಮಾಡಿತು. ದಡ ಬೆಳೆದ ಕಡೆ ಋಣಸಂಖ್ಯೆ ಬಂದು ಪಟ್ಟಿಯ ತಲೆಗೆ ಏರುತ್ತಿತ್ತು. ಅವನ್ನೂ ಅನಂತದ ಗುಂಪಿಗೆ ಸೇರಿಸಿದೆ. ಆದರೆ ಓಡಿಸಿದಾಗಲೆಲ್ಲ ಪರದೆ ತುಂಬಾ ಎಚ್ಚರಿಕೆಯ ಸಾಲುಗಳು: ಸೊನ್ನೆಯಿಂದ ಭಾಗಿಸುತ್ತಿದ್ದೀರಿ, ಅಮಾನ್ಯ ಬೆಲೆ ಬಂದಿದೆ. ಗೊತ್ತಿದೆ ಮಹಾರಾಯ ಎಂದು ಎಚ್ಚರಿಕೆಗಳನ್ನೆಲ್ಲ ಒಂದೇ ಸಾಲಿನಲ್ಲಿ ಬಾಯಿ ಮುಚ್ಚಿಸಿದೆ. ಆ ಸಾಲು ಬರೆದದ್ದಕ್ಕೆ ದಿನಚರಿಯಲ್ಲಿ ಯಾವ ಪಶ್ಚಾತ್ತಾಪವೂ ಇಲ್ಲ. ‘ಈಗ ಪರದೆ ಸ್ವಚ್ಛ’ ಎಂದು ಬರೆದುಕೊಂಡಿದ್ದೇನೆ.

ಈ ಸಲದ ಪಟ್ಟಿ ನೋಡಿ ಎಂಜಿನಿಯರ್ ತಲೆಯಾಡಿಸಿದರು. ಮೇಲಿನ ಹನ್ನೆರಡು ನಂಬುವಂತಿದ್ದವು. ಕೆಳಗೆ ಅನಂತದವರು. ಅವರಿಗೂ ಕೆಳಗೆ ಎರಡು ನ್ಯಾನ್; ತೀರಾ ಕೊನೆಗೆ, ನಲವತ್ತೊಂದನೆಯ ಸಾಲಿನಲ್ಲಿ, ಮರವಂತೆಯ ಒಂದು ಗುರುತು. ಮೂರು ತಿಂಗಳೂ ಖಾಲಿಯಾದ್ದರಿಂದ ಅದಕ್ಕೆ ಸರಾಸರಿಯೇ ಇರಲಿಲ್ಲ. ನ್ಯಾನನ್ನು ಜೋಡಿಸುವಾಗ ಎಲ್ಲಕ್ಕಿಂತ ಕೊನೆಗೆ, ಅನಂತಕ್ಕಿಂತಲೂ ಆಚೆಗೆ ತಳ್ಳುವುದು ಆ ಆಜ್ಞೆಯ ರೂಢಿ. ನಾನದನ್ನು ನೋಡಿದೆನೇ? ನೋಡಿದೆ. ‘ಮಾಹಿತಿ ಇಲ್ಲ’ ಎಂದುಕೊಂಡು ಸುಮ್ಮನಾದೆ. ಪಟ್ಟಿ ಮರುದಿನ ಕಲ್ಲು ಹಾಕಿಸುವ ಅಧಿಕಾರಿಗೆ ಹೋಗಬೇಕಿತ್ತು.

ಮರುದಿನ ಬೆಳಿಗ್ಗೆ ಅಳತೆಯವರು ಏಪ್ರಿಲ್ ತಿಂಗಳ ಸಂಬಳದ ಸಹಿಗೆ ಬಂದರು. ಮೊದಲು ಬೋಟಿಗೆ ಹೋಗುತ್ತಿದ್ದವರು, ಮೊಣಕಾಲು ಪೆಟ್ಟಾದ ಮೇಲೆ ಈ ಕೆಲಸ ಹಿಡಿದವರು. ಓದಿದ ಹೆಂಗಸರೆಲ್ಲ ಅವರಿಗೆ ಟೀಚರ್. ಮೇಜಿನ ಮೇಲಿದ್ದ ಪಟ್ಟಿಯನ್ನು ಕೆಳಗಿನಿಂದ ಓದಲು ಶುರುಮಾಡಿದರು.

“ಹ್ವಾಯ್ ಟೀಚ್ರೆ, ಈ ಮನಿನ್ನ ಕಡಿಗ್ ಹಾಕಿದ್ದ್ ಎಂತಕೆ?”

“ಅಲ್ಲಿಯ ಅಳತೆಯೇ ಇಲ್ಲವಲ್ಲ. ಖಾಲಿ ಬಿಟ್ಟಿದ್ದೀರಿ.”

“ಖಾಲಿ ಯಾರ್ ಬಿಟ್ಟದ್ದ್? ಗೆರಿ ಹಾಕಿದ್ದೆ ನಾನ್. ಕಾಣಿ ಪುಸ್ತ್ಕ.”

ನೋಟ್‌ಬುಕ್ ತೆಗೆದರು. ಚಿಕುನ್‌ಗುನ್ಯದ ತಿಂಗಳುಗಳಲ್ಲಿ ಕೋಡಿಯ ಎದುರು ಖಾಲಿ. ಮರವಂತೆಯ ಆ ಗುರುತಿನ ಎದುರು ಹದಿನೈದು ತಿಂಗಳು ಸಾಲಾಗಿ ಒಂದೊಂದು ಅಡ್ಡಗೆರೆ. ಬೇರೆ ಗುರುತುಗಳಲ್ಲೂ ಅಲ್ಲಲ್ಲಿ ಅಡ್ಡಗೆರೆ ಇತ್ತು.

“ಗೆರೆ ಅಂದರೆ ಏನು?”

“ಕಡಲ್ ಗುರ್ತಿಗೇ ಬಂದಿತ್ತ್ ಅಂದೇಳಿ. ಟೇಪ್ ಹಿಡುಕೆ ಎಂತ ಇತ್ತ್ ಅಲ್ಲಿ? ಆ ಮನಿ ಅಕ್ಕನ ಅಂಗ್ಳದ ಕಲ್ಲಿನ್ ಬುಡದಗೇ ಕಸ ಬಿದ್ಕಂಡಿರತ್ತ್.”

“ಹಾಗಿದ್ದರೆ ಸೊನ್ನೆ ಬರೆಯಬೇಕಿತ್ತಲ್ಲ!”

ಅವರು ನನ್ನನ್ನು ನೋಡಿದ ರೀತಿ ದಿನಚರಿಯಲ್ಲಿಲ್ಲ, ಆದರೂ ಮರೆತಿಲ್ಲ.

“ಎಂತ ಮಾತ್ ಆಡ್ತ್ರಿ ಟೀಚ್ರೆ? ನಾನ್ ಬರಿಯುದ್ ಗುರ್ತಿನ್ ನಂಬ್ರ ಅಲ್ಲ, ಮನಿ ಹೆಸ್ರ್. ಬದ್ಕಿ ಬಾಳು ಮನಿ ಹೆಸ್ರಿನ್ ಎದ್ರಿಗೆ ಸೊನ್ನಿ ಹಾಕುಕಾತ್ತಾ? ಅವ್ರ್ ಮನಿ ಮುಗೀತ್ ಅಂದೇಳಿ ನಾನೇ ಬರ್ದ್ ಕೊಟ್ಟಂಗೆ ಆತಿಲ್ಯಾ?”

ನಿಜ, ನೋಟ್‌ಬುಕ್ಕಿನಲ್ಲಿ ನಂಬರು ಒಂದೂ ಇರಲಿಲ್ಲ. ಎಲ್ಲ ಮನೆಯ ಹೆಸರು, ತೋಟದ ಹೆಸರು. ಬೋಟಿನಲ್ಲಿ ಕೂಡ ಬರಿಗೈಯಲ್ಲಿ ಬಂದ ದಿನ ಹೆಸರಿನ ಮುಂದೆ ಸೊನ್ನೆ ಹಾಕುತ್ತಿರಲಿಲ್ಲವಂತೆ, ಗೆರೆ ಎಳೆಯುತ್ತಿದ್ದರಂತೆ. ಇಡೀ ದಡದಲ್ಲಿ ಸಮುದ್ರಕ್ಕೆ ಅತ್ಯಂತ ಹತ್ತಿರದ ಮನೆಯನ್ನು ಅವರು ಮರ್ಯಾದೆಯಿಂದ ಗೆರೆಯ ಹಿಂದೆ ಇಟ್ಟಿದ್ದರು. ನಾನು ಅದನ್ನು ಅನಂತದ ಕೆಳಗೆ ಇಟ್ಟಿದ್ದೆ.

ಗೆರೆಯನ್ನೂ ಖಾಲಿಯನ್ನೂ ಒಂದೇ ಮಾಡಿ ಟೈಪ್ ಮಾಡಿದವರು ಯಾರು? ನಮ್ಮಲ್ಲಿ ಆಗ ತಾತ್ಕಾಲಿಕವಾಗಿ ಬರುತ್ತಿದ್ದ ಒಬ್ಬಳ ಮುಖ ನನಗೆ ಸ್ಪಷ್ಟವಾಗಿ ನೆನಪಿದೆ. ಈ ಕಥೆಯನ್ನು ಯಾರಿಗಾದರೂ ಹೇಳುವಾಗ ತಪ್ಪನ್ನು ಅವಳ ತಲೆಗೇ ಕಟ್ಟುತ್ತಿದ್ದೆ. ಆದರೆ ಅದೇ ಏಪ್ರಿಲಿನ ಒಂದು ಪುಟದಲ್ಲಿ ನನ್ನದೇ ಅಕ್ಷರದಲ್ಲಿದೆ: ‘ಬೆಳಿಗ್ಗೆಯಿಂದ ಪುಸ್ತಕ ನೋಡಿ ಅಂಕಿ ತುಂಬಿಸಿದೆ. ಗೆರೆಗಳನ್ನು ಖಾಲಿ ಬಿಟ್ಟೆ.’ ಅವಳು ಆ ಹೊತ್ತಿಗೆ ಕೆಲಸ ಬಿಟ್ಟು ತಿಂಗಳಾಗಿತ್ತು.

ಅಂದೇ ಅಳತೆಯವರ ಜೊತೆ ಬಸ್ಸು ಹತ್ತಿ ಮರವಂತೆಗೆ ಹೋದೆ. ಹೆದ್ದಾರಿಯ ಒಂದು ಬದಿ ನದಿ, ಇನ್ನೊಂದು ಬದಿ ಕಡಲು. ಕಡಲ ಬದಿಯ ಇಳಿಜಾರಿನಲ್ಲಿ ಆ ಮನೆ. ಒಣಮೀನು ಮಾರುವ ಹೆಂಗಸು, ಗಂಡನಿಲ್ಲ, ಮಗಳ ಜೊತೆ ಇರುತ್ತಿದ್ದರು. ಅಂಗಳದಲ್ಲಿ ಬಲೆ ಹಾಸಿ ಮೀನು ಹರವಿತ್ತು. ಅಂಗಳದ ತುದಿಗೆ ನೆಟ್ಟ ಕಲ್ಲೇ ನಮ್ಮ ಗುರುತು. ಅದರ ಬುಡದಲ್ಲಿ ತೆಂಗಿನ ಗರಿ, ಪ್ಲಾಸ್ಟಿಕ್ ಬಾಟಲಿ, ಒದ್ದೆ ಕಸ. ಕಲ್ಲಿನ ಈಚೆಗೆ ಮರಳು ತುಂಬಿದ ಗೋಣಿಚೀಲಗಳ ಸಾಲು, ಅದರ ಹಿಂದೆಯೇ ಅಡುಗೆಮನೆಯ ಗೋಡೆ. ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು.

“ಎರ್ಡ್ ವರ್ಷ ಆಯ್ತ್ ಟೇಪ್ ಹಿಡ್ಕಂಡ್ ಬಪ್ಪುಕ್ ಶುರು ಮಾಡಿ,” ಎಂದರು ಆಕೆ. “ಕಡ್ಲಿಗೆ ಅಂಗಿ ಹೊಲ್ಸುಕಿತ್ತಾ?”

ನಾನು ಪಟ್ಟಿಯ, ಗೆರೆಯ, ಸೊನ್ನೆಯ ವಿಷಯ ಹೇಳಿದೆ. ಕೊನೆಯಲ್ಲಿದೆ ಎಂಬುದನ್ನೂ ಹೇಳಿದೆ; ಮುಚ್ಚಿಡಬಹುದಿತ್ತು. ಆಕೆ ಸಿಟ್ಟಾಗಲಿಲ್ಲ. ಗೋಡೆಯ ಬಿರುಕನ್ನು ಒಮ್ಮೆ ನೋಡಿ, ಅಳತೆಯವರ ಕಡೆ ತಿರುಗಿದರು.

“ಅಣ್ಣ, ಈ ಮಳೆಗಾಲಕ್ಕೆ ಚೀಲ ನಿಲ್ಲುದಿಲ್ಲೆ. ಎಂತ ಬರಿಯುಕಿತ್ತೋ ಅದನ್ನ್ ಬರೀನಿ.”

“ನಂಗ್ ಮನ್ಸ್ ಬತ್ತಿಲ್ಲೆ ಅಕ್ಕ.”

“ನಿಮ್ಗ್ ಮನ್ಸ್ ಬಪ್ಪತ್ತಿಗೆ ನನ್ನ್ ಅಡ್ಗಿಮನಿ ಇಪ್ಪುದಿಲ್ಲೆ. ಹಾಕಿ ಸೊನ್ನಿ. ಕಲ್ಲ್ ಬಪ್ಪುದಾರೆ ಎರ್ಡ್ ಸೊನ್ನಿ ಹಾಕಿ.”

ಅಳತೆಯವರು ಪೆನ್ನನ್ನು ನನ್ನ ಕೈಗೆ ಕೊಟ್ಟರು. ಹದಿನೈದು ಗೆರೆಗಳ ಪಕ್ಕದಲ್ಲೂ ನಾನೇ ಸೊನ್ನೆ ಬರೆದೆ. ಅವರು ಆ ಕಡೆ ನೋಡುತ್ತಾ ನಿಂತಿದ್ದರು.

ಕಚೇರಿಗೆ ಬಂದು ಸೊನ್ನೆಗಳನ್ನು ತುಂಬಿಸಿ ಪ್ರೋಗ್ರಾಮ್ ಓಡಿಸಿದೆ. ಆ ಮನೆ ಒಂದನೆಯ ಸಾಲಿಗೆ ಬರಬೇಕು. ಬರಲಿಲ್ಲ. ನಲವತ್ತೊಂದನೆಯ ಸಾಲಿನಲ್ಲೇ ಇತ್ತು. ನ್ಯಾನ್.

ಕಡತ ಉಳಿಸಿಲ್ಲವೇನೋ ಎಂದು ಮತ್ತೆ ತುಂಬಿಸಿದೆ. ನ್ಯಾನ್. ಕಂಪ್ಯೂಟರನ್ನು ಮುಚ್ಚಿ ತೆರೆದೆ. ನ್ಯಾನ್. ಖಾಲಿಯೇ ಇಲ್ಲದ ಸಾಲಿಗೆ ಅದು ಎಲ್ಲಿಂದ ಬರುತ್ತದೆ? ಅರ್ಧ ಗಂಟೆಯ ನಂತರ ಮೊದಲು ಮಾಡಬೇಕಿದ್ದುದನ್ನು ಮಾಡಿದೆ: ನಾನೇ ಬಾಯಿ ಮುಚ್ಚಿಸಿದ್ದ ಎಚ್ಚರಿಕೆಗಳನ್ನು ಮತ್ತೆ ತೆರೆದೆ. ಭಾಗಾಕಾರದ ಸಾಲಿನಲ್ಲಿ ಅಮಾನ್ಯ ಬೆಲೆ ಎಂದು ಅದು ಕೂಡಲೇ ಹೇಳಿತು. ಕಡಲು ಆ ಅಂಗಳಕ್ಕೆ ಬಂದು ಹದಿನೈದು ತಿಂಗಳಾಗಿತ್ತು. ಅಂದರೆ ಕಳೆದ ಏಪ್ರಿಲಿನಲ್ಲೂ ದಡ ಸೊನ್ನೆ, ಈ ಏಪ್ರಿಲಿನಲ್ಲೂ ಸೊನ್ನೆ. ಒಂದು ವರ್ಷದಲ್ಲಿ ಹೋದ ದಡವೂ ಸೊನ್ನೆ. ಹೋಗಲು ಏನೂ ಉಳಿದಿರಲಿಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಅನಂತವೂ ಅಲ್ಲ, ಸಂಖ್ಯೆಯೇ ಅಲ್ಲ.

ಕಂಪ್ಯೂಟರನ್ನು ಬೈಯಲು ಏನೂ ಉಳಿದಿರಲಿಲ್ಲ. ಅದು ಹೇಳಿತ್ತು. ನಾನು ಕೇಳಿರಲಿಲ್ಲ.

ಎಂಜಿನಿಯರಿಗೆ ವಿವರಿಸಿದೆ. ಅವರು ಗಡಿಯಾರ ನೋಡಿಕೊಂಡರು.

“ಸಂಜಿಯೊಳ್ಗೆ ಕಳ್ಸ್ಕ್ ಮೇಡಮ್. ಆ ಒಂದ್ ಸಾಲ್ ಕತ್ರ್ಸಿ ಮೇಲ್ ಅಂಟ್ಸಿ. ಯಾರ್ ಕೇಂತ್ರ್?”

ಮಾಡಬಹುದಿತ್ತು. ಎರಡು ನಿಮಿಷದ ಕೆಲಸ, ಉದ್ದೇಶವೂ ಒಳ್ಳೆಯದೇ. ಬೆರಳು ಕೀಲಿಮಣೆಯ ಮೇಲೇ ಇತ್ತು. ಆದರೆ ಅಳತೆಯವರು ಆ ಬೆಳಿಗ್ಗೆ ಬರದೇ ಇದ್ದಿದ್ದರೆ ಈ ಮನೆಯೇ ನನಗೆ ಗೊತ್ತಿರುತ್ತಿರಲಿಲ್ಲ. ಹಾಗೆ ನನಗೆ ಗೊತ್ತಿಲ್ಲದವು ಇನ್ನೆಷ್ಟಿವೆ? ನಾನು ಕಣ್ಣಾರೆ ಕಂಡ ಮನೆಯನ್ನು ಕೈಯಿಂದ ಮೇಲೆ ಹಾಕಿದರೆ, ಕಾಣದವರ ಮೇಲೆ ಅದು ಬೇರೆ ಥರದ ಅನ್ಯಾಯ. ನಾಳೆ ಇನ್ನೊಬ್ಬರು ಬಂದು ತಮ್ಮ ಸಾಲನ್ನು ಅಂಟಿಸಿ ಎಂದರೆ ಬೇಡವೆನ್ನಲು ನನಗೆ ಬಾಯಿಯೂ ಇರುವುದಿಲ್ಲ.

“ಕೈಯಿಂದ ಹಾಕುವುದಿಲ್ಲ ಸರ್. ಎರಡು ದಿನ ಕೊಡಿ. ಎಲ್ಲ ಪುಸ್ತಕ ಮತ್ತೆ ಓದುತ್ತೇನೆ. ಇಲ್ಲದಿದ್ದರೆ ಪಟ್ಟಿಯ ಮೇಲೆ ನನ್ನ ಸಹಿ ಬೇಡ.”

“ಎರ್ಡ್ ದಿನ ಅಂದೇಳಿ ಬಾಯಲ್ ಹೇಳುದ್ ಸುಲಭ. ಫೋನಗೆ ಬೈಸ್ಕಂಬುದ್ ನಾನ್.”

ಆದರೂ ಫೋನ್ ಮಾಡಿದರು. ಬೈಸಿಕೊಂಡರು ಕೂಡ, ಆ ಕಡೆಯ ದನಿ ನನಗೂ ಕೇಳುತ್ತಿತ್ತು. ಫೋನಿಟ್ಟು “ಶನಿವಾರ ಮಧ್ಯಾಹ್ನ” ಎಂದಷ್ಟೇ ಹೇಳಿ ಚಹಾ ಕುಡಿಯಲು ಇಳಿದು ಹೋದರು.

ಎರಡು ದಿನ ಅಳತೆಯವರು ಎದುರು ಕುರ್ಚಿಯಲ್ಲಿ ಕೂತು ಪುಸ್ತಕ ಓದಿದರು, ನಾನು ತುಂಬಿಸಿದೆ. ಗೆರೆ ಇದ್ದಲ್ಲಿ ಸೊನ್ನೆ. ಹೋಗದ ತಿಂಗಳು ನ್ಯಾನಾಗಿಯೇ ಇರಲಿ, ಅದಕ್ಕೆ ನಾವು ಬೇರೆ ಯಾವ ಅಂಕಿಯನ್ನೂ ಊಹಿಸುವುದಿಲ್ಲ. ಅವರು ಸೊನ್ನೆ ಎಂಬ ಪದವನ್ನು ಆಗಲೂ ಬಾಯಿಂದ ಹೇಳಲಿಲ್ಲ. “ಗೆರಿ” ಎನ್ನುತ್ತಿದ್ದರು, ನಾನು ಒತ್ತುತ್ತಿದ್ದೆ.

ಪ್ರೋಗ್ರಾಮನ್ನು ತಿರುಗಿಸಿ ಬರೆದೆ. ದಡವೇ ಉಳಿಯದವರನ್ನು ಮೊದಲು ಬೇರೆ ಮಾಡಿ ಮೇಲಿಡುವುದು. ಅವರಿಗೆ ಭಾಗಾಕಾರವೇ ಬೇಡ. ಉಳಿದವರಲ್ಲಿ ನಿಜವಾಗಿ ದಡ ಕಳೆದುಕೊಂಡವರಿಗೆ ಮಾತ್ರ ಭಾಗಿಸುವುದು. ಕಳೆದುಕೊಳ್ಳದವರಿಗೆ ಅನಂತ ಎಂದು ನಾವೇ ಬರೆಯುವುದು. ಇಷ್ಟಾದ ಮೇಲೂ ನ್ಯಾನ್ ಉಳಿದರೆ ಪಟ್ಟಿಯಲ್ಲಿ ಸೇರಿಸದೆ, ‘ಹೋಗಿ ನೋಡಬೇಕು’ ಎಂಬ ಬೇರೆ ಹಾಳೆಗೆ. ಒಂದೇ ಒಂದು ಗುರುತು ಆ ಹಾಳೆಗೆ ಬಂತು. ಶುಕ್ರವಾರ ಮಧ್ಯಾಹ್ನ ಎಂಜಿನಿಯರೇ ಬೈಕಿನಲ್ಲಿ ಹೋಗಿ ಅಳೆದು ತಂದರು.

ಶನಿವಾರ ಪಟ್ಟಿ ಹೋಯಿತು. ಒಣಮೀನಿನ ಅಕ್ಕನ ಮನೆ ಒಂದನೆಯದು. ಕಲ್ಲು ಹನ್ನೆರಡೇ ಜಾಗಕ್ಕಾದ್ದರಿಂದ, ಒಬ್ಬರು ಒಳಗೆ ಬಂದಾಗ ಒಬ್ಬರು ಹೊರಗೆ ಹೋದರು. ಹನ್ನೆರಡನೆಯದಾಗಿದ್ದದ್ದು ಹದಿಮೂರಾಯಿತು. ಅದು ಯಾರದ್ದು ಎಂದು ನಾನು ನೋಡಲಿಲ್ಲ. ನೋಡಲಿಲ್ಲವೋ, ನೋಡಬಾರದೆಂದು ಕಣ್ಣು ತಪ್ಪಿಸಿದೆನೋ, ದಿನಚರಿ ಹೇಳುವುದಿಲ್ಲ.

ಮೇ ಕೊನೆಯಲ್ಲಿ ಮರವಂತೆಗೆ ಲಾರಿಗಳು ಬಂದವು. ಅಕ್ಕ ಕಚೇರಿಗೆ ಫೋನ್ ಮಾಡಿಸಿ, ಕಲ್ಲು ಹಾಕಿದವರು ಮೀನು ಒಣಗಿಸುವ ಜಾಗವನ್ನೆಲ್ಲ ಮುಚ್ಚಿದ್ದಾರೆ, ಲೆಕ್ಕದ ಟೀಚರು ಬಂದು ನೋಡಲಿ ಎಂದು ಬೈದರು. ಜೂನ್, ಜುಲೈ ಕಳೆದವು. ಅಡುಗೆಮನೆ ನಿಂತಿತು.

ಆಗಸ್ಟಿನಲ್ಲಿ ಕಚೇರಿಯ ಮೆಟ್ಟಿಲು ಹತ್ತಿ ಒಬ್ಬ ಹಿರಿಯರು ಬಂದರು. ಬೈಂದೂರು ಕಡೆಯ ತೆಂಗಿನ ತೋಟದವರು. ಒದ್ದೆ ಕೊಡೆಯನ್ನು ಬಾಗಿಲಲ್ಲೇ ಇಟ್ಟು ಕೂತರು.

“ನಂದ್ ಹನ್ನೆರಡ್ನೇದ್ ಇತ್ತಂಬ್ರ್. ಮತ್ತೆ ಹದ್ಮೂರ್ ಆಯ್ತಂಬ್ರ್. ನಾಲ್ಕ್ ಮರ ಹೋಯ್ತ್. ಎಂತಕ್ ಆಯ್ತ್ ಅಂದೇಳಿ ಕೇಂಬುಕ್ ಬಂದೆ, ಜಗಳಕ್ಕಲ್ಲ.”

ಎಂಜಿನಿಯರ್ ನನ್ನ ಕಡೆ ನೋಡಿದರು. ನಾನು ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ ಎಲ್ಲ ಹೇಳಿದೆ: ಖಾಲಿ, ಗೆರೆ, ಮೊದಲ ಪಟ್ಟಿ, ಎರಡನೆಯ ಪಟ್ಟಿ, ಗೆರೆಗಳನ್ನು ಖಾಲಿ ಬಿಟ್ಟವಳು ನಾನೇ ಎಂಬುದು. ಅವರು ಕೊನೆಯವರೆಗೂ ಕೇಳಿದರು.

“ಹಂಗಾರೆ ನಾನೂ ಖಾಲಿ ಬಿಡ್ಸಿದ್ರೆ ಮೇಲ್ ಬತ್ತಿದ್ನಾ?”

“ಇಲ್ಲ. ಖಾಲಿ ಇದ್ದಿದ್ದರೆ ನಾವು ಬಂದು ಅಳೆಯುತ್ತಿದ್ದೆವು.”

“ಅಳ್ದಿದ್ರೆ?”

“ಆಗಲೂ ಹದಿಮೂರೇ.”

ಅವರು ಪರದೆಯ ಹತ್ತಿರಕ್ಕೆ ಬಗ್ಗಿದರು. ತಮ್ಮ ಸಾಲಿನ ಮೇಲೆ ಬೆರಳಿಟ್ಟರು, ಆಮೇಲೆ ಒಂದನೆಯ ಸಾಲಿನ ಮೇಲೆ.

“ಅಂದ್ರೆ ನಂಗೆ ಸಿಟ್ಟ್ ಬಪ್ಪುಕೂ ಜಾಗ ಇಲ್ಲೆ ಅಂದೇಳಿ ಆಯ್ತ್.”

ಅಳತೆಯವರು ಆ ತಿಂಗಳ ಅಳತೆಗೆ ಹೊರಡುವವರಿದ್ದರು. ಮಳೆ ಸ್ವಲ್ಪ ಬಿಟ್ಟಿತ್ತು. ಹಿರಿಯರು ಎದ್ದು ಕೊಡೆ ತೆಗೆದುಕೊಂಡು, “ನೀವೂ ಬನ್ನಿ. ಈಗ ಎಷ್ಟಿತ್ತ್ ಅಂದೇಳಿ ನೀವೇ ಕಂಡ್ ಬರ್ಕಣಿ,” ಎಂದರು.

ತೋಟದ ತುದಿಯಲ್ಲಿ ಬೇರು ಕಾಣುವ ನಾಲ್ಕು ಬುಡಗಳಿದ್ದವು. ಬಿಳಿ ಪಟ್ಟಿಯ ಮರ ಇನ್ನೂ ನಿಂತಿತ್ತು. ಅಳತೆಯವರು ಮರದ ಬಳಿ ಟೇಪಿನ ತಲೆ ಒತ್ತಿ ಹಿಡಿದರು. ಇನ್ನೊಂದು ತುದಿಯನ್ನು ನಾನು ತೆಗೆದುಕೊಳ್ಳುವ ಮೊದಲೇ ಹಿರಿಯರು ತೆಗೆದುಕೊಂಡು, ಪಂಚೆ ಎತ್ತಿ ಕಟ್ಟಿ ಕಸದ ಗೆರೆಯವರೆಗೆ ನಡೆದು, ಬಗ್ಗಿ ನೋಡಿ, ಗಾಳಿಯ ಮೇಲೆ ಕೇಳುವಂತೆ ಕೂಗಿ ಹೇಳಿದರು:

“ಮೂರ್ ಮೀಟ್ರ್ ನಲ್ವತ್ತ್! ಸಮ ಬರ್ಕಣಿ!”

ಬರೆದುಕೊಂಡೆ.